ಕರೆಯುವ ಕಾಲ

‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ಕೀರ್ತನೆಯನ್ನು ಒಮ್ಮೆಯಾದರೂ ಕೇಳದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ಆದರೆ ಅದರೊಳಗೆ ಅಡಗಿರುವ ಒಂದು ವಿನೋದವನ್ನು ಗಮನಿಸಿದವರು ವಿರಳ. ಕರೆಯುವುದೇನೋ ಬೇಗನೆ ಬಾ ಎಂದು. ಹಾಡುವುದು ಮಾತ್ರ ಪರಮ ನಿಧಾನವಾಗಿ. ‘ಬೇಗನೆ’ ಎಂಬ ಮೂರಕ್ಷರದ ಮಾತನ್ನು ಗಾಯಕರು ಎಳೆದು, ಬಾಗಿಸಿ, ತಡೆದು, ಮತ್ತೆ ಎತ್ತಿಕೊಂಡು ಹಾಡಿ ಮುಗಿಸುವಷ್ಟರಲ್ಲಿ ನಿಜವಾಗಿ ಅವಸರವುಳ್ಳ ಮನುಷ್ಯನೊಬ್ಬ ಬೀದಿಯ ಕೊನೆಯನ್ನು ಮುಟ್ಟಿ ಹಿಂದಿರುಗಿ ಬಂದಿರುತ್ತಾನೆ. ಸತ್ಯಜಿತ್ ರಾಯ್ ಅವರು 1976ರಲ್ಲಿ ತೆಗೆದ ‘ಬಾಲಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಟಿ. ಬಾಲಸರಸ್ವತಿಯವರು ಕಡಲ ದಂಡೆಯ ಮೇಲೆ ನಿಂತು ಇದೇ ಕೀರ್ತನೆಗೆ ಅಭಿನಯಿಸುತ್ತಾರೆ. ಗಾಳಿಗೆ ಅವಸರವಿದೆ, ಹಿಂದಿನ ತೆರೆಗಳಿಗೆ ಅವಸರವಿದೆ; ಕರೆಯುವ ಆ ತಾಯಿಗೆ ಮಾತ್ರ ಇಲ್ಲ. ಮಗು ಬಂದೇ ಬರುತ್ತದೆಂದು ತಿಳಿದವಳು ಓಡುವುದಿಲ್ಲ. ಬಾರದೆ ಹೋದೀತೆಂದು ಅಳುಕುವವಳೂ ಓಡುವುದಿಲ್ಲ, ನಿಂತಲ್ಲೇ ನಿಲ್ಲುತ್ತಾಳೆ. ಈ ಎರಡರಲ್ಲಿ ಯಾವುದು ಇಲ್ಲಿಯ ನಿಧಾನಕ್ಕೆ ಕಾರಣವೆಂದು ನಿರ್ಣಯಿಸುವುದು ಸುಲಭವಲ್ಲ.

ಕೀರ್ತನೆಯ ಕರ್ತೃ ವ್ಯಾಸರಾಯರೆಂದು ಪರಂಪರೆ ಹೇಳುತ್ತದೆ; ‘ಶ್ರೀಕೃಷ್ಣ’ ಎಂಬ ಅಂಕಿತ ಅವರದು. ವಿಜಯನಗರದ ಅರಸರಿಗೆ ಗುರುಗಳಾಗಿದ್ದು, 1539ರಲ್ಲಿ ದೇಹವನ್ನು ಬಿಟ್ಟ ಈ ಯತಿಗಳ ಬೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. 2019ರ ಜುಲೈ ತಿಂಗಳಿನಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದರು. ಭಕ್ತರು ಕೂಡಿ ಕೆಲವೇ ದಿನಗಳಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಕಲ್ಲಿಗೆ ಈ ಒಂದು ಅನುಕೂಲವಿದೆ: ತುಂಡುಗಳು ಉಳಿದಿದ್ದರೆ ಜೋಡಿಸಬಹುದು. ಧಾಟಿಗೆ ಆ ಅನುಕೂಲವಿಲ್ಲ. ದಾಸರ ಪದಗಳನ್ನು ಅವರ ಕಾಲದಲ್ಲಿ ಯಾವ ಸ್ವರದಲ್ಲಿ, ಎಷ್ಟು ವೇಗದಲ್ಲಿ ಹಾಡುತ್ತಿದ್ದರೆಂಬುದಕ್ಕೆ ಆ ಕಾಲದ ಸ್ವರಲಿಪಿ ಉಳಿದು ಬಂದಿಲ್ಲ. ಇಂದು ಕಚೇರಿಗಳಲ್ಲಿ ಕೇಳಿಬರುವುದು ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳ: ಮೂರು ಮತ್ತು ನಾಲ್ಕು, ಒಟ್ಟು ಏಳು ಎಣಿಕೆ. ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟುತ್ತಾ ಬಂದ ಸೊತ್ತು ಇದು. ಪ್ರತಿಯೊಂದು ದಾಟಿನಲ್ಲಿಯೂ ಏನೋ ಉದುರಿರುತ್ತದೆ, ಏನೋ ಅಂಟಿಕೊಂಡಿರುತ್ತದೆ.

ಹೀಗಿರುವಾಗ ಇದನ್ನು ಗಿಟಾರಿಗೆ ದಾಟಿಸಿದರೆ ಅಪಚಾರವೆನ್ನುವವರಿಗೆ ಹೆಚ್ಚಿನ ಆಧಾರವೇನೂ ಸಿಗದು. ಅದೂ ಹೊಸ ಸಾಹಸವಲ್ಲ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಲ್ಲಿ ಈ ಕೀರ್ತನೆಯನ್ನು ಗಿಟಾರಿನೊಡನೆ ಧ್ವನಿಮುದ್ರಿಸಿದರು. ನಡುನಡುವೆ ಇಂಗ್ಲಿಷಿನ ಸಾಲುಗಳೂ ಇದ್ದವು. ಮೂಗು ಮುರಿದವರೂ ಅದನ್ನು ಗುನುಗದೆ ಬಿಡಲಿಲ್ಲ. ಆದರೆ ಅಲ್ಲಿ ಹಾಡುವ ಕಂಠ ಇತ್ತು. ಗಿಟಾರು ಅದರ ಕೆಳಗೆ ಹಾಸಿದ ಜಮಖಾನೆ ಮಾತ್ರ. ಕಂಠವೇ ಇಲ್ಲದೆ, ಮಾತೇ ಇಲ್ಲದೆ, ಆರು ತಂತಿಗಳು ತಾವಾಗಿಯೇ ಕೃಷ್ಣನನ್ನು ಕರೆಯಬೇಕಾದಾಗ ನಿಜವಾದ ಕಷ್ಟ ಮೊದಲಾಗುತ್ತದೆ. ಯಾವ ವೇಗದಲ್ಲಿ? ಯಾವ ಶ್ರುತಿಯಲ್ಲಿ? ಯಾವ ಭಾವದಲ್ಲಿ?

ಈ ಮೂರು ಪ್ರಶ್ನೆಗಳೂ ಒಟ್ಟಿಗೆ ಎದ್ದದ್ದು ಗಾದಿಗನೂರಿನ ಒಂದು ಮನೆಯ ಪಡಸಾಲೆಯಲ್ಲಿ. ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ರೈಲು ಹಾದಿಯ ಮೇಲಿನ ಊರು ಅದು. ಸಂಡೂರಿನ ಗುಡ್ಡಗಳ ಅದಿರಿನ ಕೆಂಪು ಧೂಳು ಕಿಟಕಿಯ ಸರಳುಗಳ ಮೇಲೆ ಯಾರೂ ಕರೆಯದಿದ್ದರೂ ಬೇಗನೆ ಬಂದು ಕೂಡುತ್ತದೆ. ಆ ಮನೆಯ ಮೊಮ್ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ನೈಲಾನ್ ತಂತಿಯ ಗಿಟಾರು ಕಲಿತವನು. ಪಾಳಿ ಮುಗಿಸಿ ಬಂದು ಮೈತೊಳೆದುಕೊಂಡ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಳ್ಳುವುದು ಅವನ ವಾಡಿಕೆ. ಅಜ್ಜಿ ಎಂಬತ್ತನ್ನು ದಾಟಿದಾಕೆ. ಹಿಂದೆ ದಿನವೂ ಮುಸ್ಸಂಜೆ ದೀಪ ಹಚ್ಚಿ, ಹಳೆಯ ಹಾರ್ಮೋನಿಯಮ್ಮಿನಲ್ಲಿ ಕರಿ ನಾಲ್ಕನ್ನು ಒತ್ತಿ ಹಿಡಿದು ಈ ಕೀರ್ತನೆಯನ್ನು ಹಾಡುತ್ತಿದ್ದರು. ಭಕ್ತಿಗಾಗಿ ಅಷ್ಟೇ ಅಲ್ಲ. ನಿಲ್ದಾಣದ ಬಯಲಿನಲ್ಲಿ ಆಡುತ್ತಿದ್ದ ಆರು ಮಕ್ಕಳಿಗೂ ಆ ಹಾಡೇ ಊಟದ ಗಂಟೆ. ಎರಡನೆಯ ಚರಣಕ್ಕೆ ಬಾರದವನಿಗೆ ಮೂರನೆಯ ಚರಣದಲ್ಲಿ ಬೆತ್ತ ಕಾದಿರುತ್ತಿತ್ತೆಂದು ಹಿರಿಯ ಮಗ ಇಂದಿಗೂ ನೆನೆಯುವುದುಂಟು.

ಆ ಆರು ಮಂದಿಯೂ ಈಗ ಆರು ಊರುಗಳಲ್ಲಿದ್ದಾರೆ. ಕಳೆದ ವರ್ಷದ ಕಾಯಿಲೆಯ ತರುವಾಯ ಅಜ್ಜಿಗೆ ಮಾತು ಮರಳಿತು, ಹಾಡು ಮರಳಲಿಲ್ಲ. ಸ್ವರ ಹಿಡಿಯಲು ಹೋದರೆ ಕಂಠ ಉಸಿರಾಗಿ ಒಡೆಯುತ್ತದೆ. ಒಂದೆರಡು ಬಾರಿ ಪ್ರಯತ್ನಿಸಿ ಆಕೆ ಸುಮ್ಮನಾದರು. ಹಾರ್ಮೋನಿಯಮ್ಮಿನ ಮೇಲೆ ಟವಲು ಹೊದಿಸಿದರು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ಒಂದು ಬಗೆಯ ಮೌನ ಕವಿಯತೊಡಗಿತು. ಹಾಡು ಇದ್ದಾಗ ಯಾರೂ ಅದನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. ಇಲ್ಲದಾದಾಗ ಎಲ್ಲರಿಗೂ ಕೇಳಿಸಿತು. ಆ ಮೌನವನ್ನು ತುಂಬಬೇಕೆಂದು ಮೊಮ್ಮಗ ಒಂದು ತಿಂಗಳು ಗುಟ್ಟಾಗಿ ಅಭ್ಯಾಸ ಮಾಡಿ, ಒಂದು ಭಾನುವಾರ ಸಂಜೆ ಅಜ್ಜಿಯ ಮಂಚದ ಎದುರು ಕುಳಿತು ನುಡಿಸಿದ. ಲವಲವಿಕೆಯ ನಡೆ, ಬೆರಳುಗಳ ಚುರುಕು, ನಡುವೆ ತೋರಣದಂತೆ ಇಳಿಬಿದ್ದ ಸ್ವರಗುಚ್ಛಗಳು. ಪರಸ್ಥಳದ ಶ್ರೋತೃಗಳಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಅಜ್ಜಿ ಕೊನೆಯವರೆಗೂ ಕೇಳಿ, “ಕೂಸನ್ನ ಕರೀತಿಯೋ, ಅಟ್ಟಿಸಿಕಂಡು ಹೋಗ್ತಿಯೋ?” ಎಂದರು.

ಟೀಕೆ ಎಂಬುದು ಇಷ್ಟು ಚಿಕ್ಕದಾಗಿಯೂ ಇಷ್ಟು ಪೂರ್ಣವಾಗಿಯೂ ಇರುವುದು ಅಪರೂಪ.

ಹಾಗೆಂದು ಹುಡುಗನನ್ನು ಪೂರ್ತಿಯಾಗಿ ದೂರುವುದು ನ್ಯಾಯವಲ್ಲ. ಅವನ ಅವಸರ ಅರ್ಧ ಅವನದು, ಇನ್ನರ್ಧ ಗಿಟಾರಿನದು. ಕಂಠಕ್ಕೆ ಉಸಿರಿದೆ, ಪಿಟೀಲಿಗೆ ಕಮಾನಿದೆ. ಒಂದು ಸ್ವರವನ್ನು ಹಿಡಿದರೆ ಬೇಕಾದಷ್ಟು ಹೊತ್ತು ಸಾಕಬಹುದು, ನಡುವೆ ಉಬ್ಬಿಸಬಹುದು, ಇಳಿಸಬಹುದು. ಮೀಟುವ ತಂತಿಯ ಕಥೆ ಬೇರೆ. ಮೀಟಿದ ಕ್ಷಣವೇ ಅದರ ಯೌವನ, ಮರುಕ್ಷಣದಿಂದ ಮುಪ್ಪು. ನೈಲಾನ್ ತಂತಿಯ ನಾದ ಎರಡು ಮೂರು ಸೆಕೆಂಡುಗಳಲ್ಲಿ ಕಿವಿಯಿಂದ ಜಾರತೊಡಗುತ್ತದೆ. ವೀಣೆಯೂ ಮೀಟುವ ವಾದ್ಯವೇ ಅಲ್ಲವೆ ಎಂದರೆ, ಹೌದು. ಆದರೆ ವೈಣಿಕನು ಮೇಣದಲ್ಲಿ ಕೂರಿಸಿದ ಎತ್ತರದ ಮೆಟ್ಟಿಲುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು, ಒಂದೇ ಮೀಟಿನಲ್ಲಿ ಮೂರು ನಾಲ್ಕು ಸ್ವರಗಳನ್ನು ಬಿಡಿಸಬಲ್ಲನು. ಸಾಯುವ ನಾದಕ್ಕೆ ಗಮಕವೆಂಬ ಮರುಜೀವ. ಗಿಟಾರಿನ ಮೆಟ್ಟಿಲುಗಳು ತಗ್ಗು. ನೈಲಾನ್ ತಂತಿ ಎಳೆತಕ್ಕೆ ಹೆಚ್ಚು ಮಣಿಯುವುದಿಲ್ಲ. ಬೆರಳನ್ನು ಜಾರಿಸಬಹುದು, ತುಸು ನಡುಗಿಸಬಹುದು, ಅಷ್ಟೇ. ಆದ್ದರಿಂದ ಮುಂದಿನ ಸ್ವರವನ್ನು ಬೇಗ ತಂದು ಹಿಂದಿನದರ ಸಾವನ್ನು ಮುಚ್ಚುವುದು ಗಿಟಾರುಗಾರನಿಗೆ ಸಹಜವಾದ ಚಾಪಲ್ಯ. ಸ್ಪೇನಿನ ಫ್ರಾನ್ಸಿಸ್ಕೊ ತಾರೆಗ ‘ಅಲ್ಹಾಂಬ್ರಾದ ನೆನಪುಗಳು’ ಎಂಬ ತನ್ನ ಪ್ರಸಿದ್ಧ ಕೃತಿಯಲ್ಲಿ ಮೂರು ಬೆರಳುಗಳಿಂದ ಒಂದೇ ಸ್ವರವನ್ನು ಎಡೆಬಿಡದೆ ಮಿಡಿಯಿಸಿ, ಹೆಬ್ಬೆರಳಿನಿಂದ ಕೆಳಗಿನ ನಡೆಯನ್ನು ಕಾಯ್ದುಕೊಂಡು, ಉದ್ದನೆಯ ನಾದದ ಭ್ರಾಂತಿಯನ್ನು ಹುಟ್ಟಿಸಿದ. ಅಷ್ಟು ದೊಡ್ಡ ಕಲಾವಿದನಿಗೂ ಇದು ಸಮಸ್ಯೆಯಾಗಿತ್ತೆಂದ ಮೇಲೆ ಗಾದಿಗನೂರಿನ ಇಂಜಿನಿಯರನ ಪಾಡೇನು?

ಇನ್ನೊಂದು ಸೂಕ್ಷ್ಮವಿತ್ತು. ಗಿಟಾರಿನ ಬೆರಳೋಟಗಳು ಬಹುಮಟ್ಟಿಗೆ ನಾಲ್ಕರ, ಎಂಟರ ಲೆಕ್ಕದಲ್ಲಿ ಕೈಗೆ ಕೂತಿರುತ್ತವೆ. ಹುಡುಗ ಏಳು ಎಣಿಕೆಯ ಹಾಡಿಗೆ ಒಂದು ಎಣಿಕೆಯನ್ನು ಸದ್ದಿಲ್ಲದೆ ಸೇರಿಸಿ ಎಂಟು ಮಾಡಿಕೊಂಡಿದ್ದ. ಮೇಲ್ನೋಟಕ್ಕೆ ಹಾಡು ಸುಸೂತ್ರವಾಯಿತು. ಒಳಗಿನ ಕುಂಟು ಹೋಯಿತು. ಮಿಶ್ರಛಾಪಿನ ಸೊಗಸೆಲ್ಲ ಆ ಕುಂಟಿನಲ್ಲಿದೆ. ಮೂರು ಎಣಿಸಿ, ತುಸು ಹಿಂಜರಿದು, ನಾಲ್ಕು ಎಣಿಸುವ ಆ ನಡೆ ಎರಡು ಹೆಜ್ಜೆ ಮುಂದಿಟ್ಟು ತಾಯಿಯತ್ತ ತಿರುಗಿ ನೋಡುವ ಕೂಸಿನದು. ಅದನ್ನು ಸರಿಸಮ ಮಾಡಿದರೆ ಕೂಸಿನ ಬದಲು ಸಿಪಾಯಿ ಬರುತ್ತಾನೆ.

ಶ್ರುತಿಯ ವಿಚಾರದಲ್ಲಿ ಹುಡುಗ ಹೆಚ್ಚು ಜಾಣತನ ತೋರಿದ್ದ. ಸ್ವಾರಸ್ಯವೆಂದರೆ, ಅದರ ಬಗ್ಗೆ ಅಜ್ಜಿ ಒಂದು ಮಾತನ್ನೂ ಆಡಲಿಲ್ಲ. ಕರಿ ನಾಲ್ಕು ಗಿಟಾರಿಗೆ ಒಗ್ಗುವ ಮನೆಯಲ್ಲ. ಆರು ತಂತಿಗಳನ್ನು ಬೆರಳೊತ್ತದೆ ಬಿಟ್ಟರೆ ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ, ಬಿ, ಇ ಎಂಬ ಸ್ವರಗಳು ನುಡಿಯುತ್ತವೆ. ಮೊದಲು ಅವನು ಅತ್ಯಂತ ದಪ್ಪನೆಯ ತಂತಿಯ ಇ ಸ್ವರವನ್ನೇ ಷಡ್ಜ ಮಾಡಿಕೊಂಡ. ಗಾಂಭೀರ್ಯವೇನೋ ಬಂತು, ಆದರೆ ಉಳಿದ ತಂತಿಗಳಲ್ಲಿ ಮೂರು ಕಲ್ಯಾಣಿಗೆ ಹೊರಗಿನವಾದವು. ಕೈತಪ್ಪಿ ತಾಗಿದರೂ ಸಾಕು, ಮದುವೆಯ ಮನೆಗೆ ಸಾಲಗಾರ ಬಂದಂತೆ. ಆಮೇಲೆ ಜಿ ಸ್ವರವನ್ನು, ಎಂದರೆ ಹಾರ್ಮೋನಿಯಮ್ಮಿನ ಬಿಳಿ ಐದನ್ನು, ಷಡ್ಜವಾಗಿ ಹಿಡಿದು ನೋಡಿದ. ಆಗ ಒಂದು ಚಮತ್ಕಾರ ನಡೆಯಿತು. ಆರು ತಂತಿಗಳೂ ಕ್ರಮವಾಗಿ ದ, ರಿ, ಪ, ಸ, ಗ, ದ ಆಗಿ, ಒಂದೂ ಬಿಡದಂತೆ ಕಲ್ಯಾಣಿಯ ಸ್ವರಗಳೇ ಆದವು. ನಡುವಿನ ಎರಡು ತಂತಿಗಳಲ್ಲಿ ಪಂಚಮ ಷಡ್ಜಗಳು ಸಿದ್ಧವಾಗಿ ಕುಳಿತಿವೆ. ಹೆಬ್ಬೆರಳು ಅವನ್ನು ಆಗಾಗ ತಾಕಿದರೆ ತಂಬೂರಿಯ ನೆರಳು. ಒಂದು ತಂತಿಯನ್ನು ಮೀಟಿದರೆ ಮೀಟದ ತಂತಿಗಳೂ ಮೆಲ್ಲಗೆ ಓಗೊಡುತ್ತವೆ. ಅಜ್ಜಿಯ ಕರಿ ನಾಲ್ಕಕ್ಕೂ ಇದಕ್ಕೂ ಇರುವುದು ಅರ್ಧ ಸ್ವರದ ಅಂತರ. ಮೊದಲನೆಯ ಮೆಟ್ಟಿಲಿಗೆ ಕೇಪೊ ಎಂಬ ಹಿಡಿಕೆಯನ್ನು ತೊಡಿಸಿದರೆ ಅದೂ ಸರಿಹೋಗುತ್ತದೆ.

ಶ್ರುತಿಯನ್ನು ಬದಲಿಸುವುದೆಂದರೆ ಇಡೀ ಪೆಟ್ಟಿಗೆಯನ್ನು ಒಂದು ಮೆಟ್ಟಿಲು ಮೇಲೋ ಕೆಳಗೋ ಇಡುವುದಷ್ಟೇ ಎಂದು ತಿಳಿಯುವವರು ವಾದ್ಯಕ್ಕೊಂದು ಶರೀರವಿದೆಯೆಂಬುದನ್ನು ಮರೆಯುತ್ತಾರೆ. ಸ್ಪೇನಿನ ಇಸಾಕ್ ಆಲ್ಬೆನಿಸ್ (1860–1909) ಪಿಯಾನೋಗಾಗಿ ಬರೆದ, ಇಂದು ‘ಆಸ್ತೂರಿಯಾಸ್’ ಎಂದು ಜಗತ್ತು ಬಲ್ಲ ಕೃತಿಯ ಕಥೆ ಇದಕ್ಕೆ ಉತ್ತಮ ನಿದರ್ಶನ. ಮೂಲದಲ್ಲಿ ಅದರ ಶ್ರುತಿ ಜಿ ಮೈನರ್. ಗಿಟಾರಿಗೆ ತಂದವರು ಅದನ್ನು ಇ ಮೈನರಿಗೆ ಇಳಿಸಿದರು. ಹಾಗೆ ಇಳಿಸಿದ್ದರಿಂದ ಆ ಕೃತಿಯಲ್ಲಿ ಸುತ್ತಿಗೆಯಂತೆ ಮತ್ತೆ ಮತ್ತೆ ಬಡಿಯುವ ಸ್ವರ ಗಿಟಾರಿನ ಬಿಟ್ಟ ತಂತಿಗೆ ಬಂದು ಕೂತಿತು. ಕೆಳಗಿನ ಷಡ್ಜ ದಪ್ಪ ತಂತಿಯಲ್ಲಿ ಗುಡುಗಿತು. ಆಂದ್ರೇಸ್ ಸೆಗೋವಿಯಾ ನುಡಿಸಿ ಪ್ರಸಿದ್ಧಿಗೆ ತಂದ ಮೇಲಂತೂ ಅದು ಗಿಟಾರಿಗಾಗಿಯೇ ಹುಟ್ಟಿದ್ದೆಂದು ಜನ ನಂಬಿದರು. ‘ಆಸ್ತೂರಿಯಾಸ್’ ಎಂಬ ಹೆಸರು ಕೂಡ ಕರ್ತೃವು ಇಟ್ಟದ್ದಲ್ಲ. ಆತನ ಮರಣಾನಂತರ ಪ್ರಕಾಶಕರು ಅಂಟಿಸಿದ್ದು. ಹೆಸರು ಬದಲಾಯಿತು, ವಾದ್ಯ ಬದಲಾಯಿತು, ಶ್ರುತಿ ಬದಲಾಯಿತು, ಕೃತಿ ಕೆಡಲಿಲ್ಲ.

ಶ್ರುತಿ ಕೆಡಿಸದಿದ್ದರೂ ಅದರೊಡನೆ ಬರುವ ಒಂದು ಸೆಳೆತ ಕೆಡಿಸಬಲ್ಲದು. ಜಿ ಸ್ವರದಲ್ಲಿ ಗಿಟಾರು ಕಲಿಯುವವನಿಗೆ ಮೊಟ್ಟಮೊದಲು ಹೇಳಿಕೊಡುವ ಸ್ವರಗುಚ್ಛಗಳಲ್ಲಿ ಸಿ ಮೇಜರ್ ಒಂದು. ಬೆರಳುಗಳು ತಾವಾಗಿಯೇ ಅಲ್ಲಿಗೆ ಹೋಗುತ್ತವೆ. ಅಲ್ಲಿಗೆ ಹೋಯಿತೋ, ಶುದ್ಧ ಮಧ್ಯಮ ಢಾಳಾಗಿ ನುಡಿದು ಕಲ್ಯಾಣಿ ಶಂಕರಾಭರಣದ ಕಡೆಗೆ ಹೊರಳುತ್ತದೆ. ಶಂಕರಾಭರಣ ಕೀಳೆಂದಲ್ಲ, ಅದು ಬೇರೆಯವರ ಮನೆ. ಹುಡುಗನ ಮೊದಲ ವಾದನದಲ್ಲಿ ಇಳಿಬಿದ್ದ ತೋರಣಗಳಲ್ಲಿ ಇಂಥವು ನಾಲ್ಕಾರು ಇದ್ದವು.

ಅಜ್ಜಿಯ ಟೀಕೆಯ ನಂತರ ಎರಡು ವಾರ ಗಿಟಾರು ಗೋಡೆಗೆ ಒರಗಿತ್ತು. ಮೂರನೆಯ ವಾರ ಅವನು ಮತ್ತೆ ಕುಳಿತಾಗ ಆಕೆ ಕಣ್ಣು ಮುಚ್ಚಿ ಮಲಗಿದ್ದರು. ಅವನು ನುಡಿಸುತ್ತಿದ್ದಂತೆ ಕಂಬಳಿಯ ಅಂಚಿನ ಮೇಲೆ ಆಕೆಯ ಬಲಗೈ ಮೆಲ್ಲನೆ ಆಡತೊಡಗಿತು: ಮೂರು, ನಾಲ್ಕು, ಮೂರು, ನಾಲ್ಕು. ಅವನ ನಡೆಗಿಂತ ಅದು ಬಹಳ ಹಿಂದೆ ಬೀಳುತ್ತಿತ್ತು. ಹುಡುಗ ಬುದ್ಧಿವಂತ. ಗಿಟಾರನ್ನು ಬಿಟ್ಟು ಕೈಯನ್ನು ಹಿಂಬಾಲಿಸಿದ. ಎಂಟು ಏಳಾಯಿತು. ನಡೆ ಇಳಿಯಿತು, ಇನ್ನೂ ಇಳಿಯಿತು. ಒಂದೊಂದು ಸ್ವರವೂ ಪೂರ್ತಿಯಾಗಿ ಸತ್ತ ಮೇಲೆ ಮುಂದಿನದು ಹುಟ್ಟುವಷ್ಟು. ಯಾವ ಗಿಟಾರು ಶಾಲೆಯೂ ಒಪ್ಪದ ವಿಳಂಬ ಅದು. ನಡುವಿನ ತೆರಪುಗಳಲ್ಲಿ ಅಡುಗೆಮನೆಯ ಪಾತ್ರೆಯ ಸದ್ದು ಬಂತು, ಅದಿರಿನ ಗೂಡ್ಸ್ ಗಾಡಿಯೊಂದು ಊರನ್ನು ಹಾದುಹೋದದ್ದು ಬಂತು. ವಿಚಿತ್ರವೆಂದರೆ ಹಾಡು ಕಡಿಯಲಿಲ್ಲ. ಮಾತು ಬಲ್ಲವರ ಮನಸ್ಸು ಆ ತೆರಪುಗಳಲ್ಲಿ ಮಾತನ್ನು ತಾನೇ ತುಂಬಿಕೊಳ್ಳುತ್ತಿತ್ತು. ಗಿಟಾರು ಬಿಟ್ಟಲ್ಲೆಲ್ಲ ಅಜ್ಜಿಯ ತುಟಿಗಳು ಅಲುಗುತ್ತಿದ್ದವು, ಸ್ವರವಿರಲಿಲ್ಲ, ಅಕ್ಷರವಿತ್ತು. ಮೊದಲ ಬಾರಿ ಅವನು ಮೌನವನ್ನು ತುಂಬಲು ಹೊರಟಿದ್ದ. ಆಕೆಗೆ ಬೇಕಾಗಿದ್ದುದು ತಾನು ನಿಲ್ಲಲು ಒಂದಿಷ್ಟು ಜಾಗ.

ಅದನ್ನು ದೂರವಾಣಿಯಲ್ಲಿ ಮುದ್ರಿಸಿ ಅವನು ಆರು ಊರುಗಳಿಗೂ ಕಳುಹಿಸಿದ. ಬಂದ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಹಿರಿಯ ಮಗನಿಗೆ ಇದು ತೀರ ದುಃಖದ್ದೆನಿಸಿತು. “ಅವ್ವ ಹೀಗೆ ಹಾಡಿದ್ದೇ ಇಲ್ಲ, ನಮ್ಮನ್ನು ಗದರಿಸಿಕೊಂಡು ಹಾಡುತ್ತಿದ್ದಳು” ಎಂದು ಅವನು ವಾದಿಸಿದ. ಕಿರಿಯ ಮಗಳಿಗೆ ಜೋಗುಳದಂತೆ ಕೇಳಿ, ಅವಳ ಕೂಸು ಅದಕ್ಕೆ ನಿದ್ದೆಹೋಯಿತಂತೆ. ಒಬ್ಬರು ಏನೂ ಬರೆಯದೆ ಮುಂದಿನ ವಾರ ಊರಿಗೆ ಬಂದಿಳಿದರು. ಪಾಶ್ಚಾತ್ಯರ ಸ್ಥೂಲ ಲೆಕ್ಕದಲ್ಲಿ ಮೇಜರ್ ಸ್ವರಗಳು ಸಂತೋಷಕ್ಕೆ, ಮೈನರ್ ದುಃಖಕ್ಕೆ. ಕಲ್ಯಾಣಿಯ ಗಾಂಧಾರ ನಿಷಾದಗಳು ಮೇಜರಿನವೇ. ಹಾಗಾದರೆ ಹಿರಿಯ ಮಗನಿಗೆ ದುಃಖ ಬಂದದ್ದೆಲ್ಲಿಂದ? ಅವನ ಬಾಲ್ಯದ ಅಜ್ಜಿ ನಿಜವಾಗಿಯೂ ಬೇಗ ಹಾಡುತ್ತಿದ್ದಿರಬೇಕು. ಕತ್ತಲಾಗುವ ಮುನ್ನ ಆರು ಮಕ್ಕಳನ್ನು ಒಳಗೆ ಸೇರಿಸಬೇಕಾದ ಹೆಂಗಸಿಗೆ ವಿಳಂಬಕಾಲ ಎಲ್ಲಿಯದು? ಕೈ ತೋರಿಸಿದ ಕಾಲ ಇಂದಿನದು. ಕರೆದರೆ ಓಡಿಬರುವ ದೂರದಲ್ಲಿ ಯಾರೂ ಇಲ್ಲದ ಮನೆಯ ಕಾಲ. ಒಂದೇ ಹಾಡು, ಒಂದೇ ರಾಗ. ಮಕ್ಕಳು ದೂರ ಹೋದಷ್ಟೂ ಕರೆ ನಿಧಾನವಾಗುತ್ತಾ ಬಂದಿದೆ. ಮೂಲದಂತೆ ನುಡಿಸಬೇಕೆಂದು ಹಟ ಹಿಡಿಯುವವರು ಯಾವ ವರ್ಷದ ಮೂಲವೆಂದು ಮೊದಲು ತಿಳಿಸಬೇಕಾಗುತ್ತದೆ.

ಹುಡುಗ ಈಗ ವಾರಕ್ಕೆರಡು ಸಂಜೆ, ಪಾಳಿ ಬಿಡುವು ಕೊಟ್ಟಾಗ, ನುಡಿಸುತ್ತಾನೆ. ಕೇಪೊವನ್ನು ಬಿಟ್ಟಿದ್ದಾನೆ, ಬಿಳಿ ಐದರಲ್ಲಿಯೇ ತಂತಿಗಳು ಸಡಿಲವಾಗಿ, ದುಂಡಗೆ ನುಡಿಯುತ್ತವೆ. ಸಿ ಮೇಜರ್ ಗುಚ್ಛವನ್ನು ತೆಗೆದುಹಾಕಿದ್ದಾನೆ. ಆದರೆ ಅದನ್ನು ತೆಗೆದ ದಿನ ಅಜ್ಜಿ ಹುಬ್ಬು ಗಂಟಿಕ್ಕಿದರು. ಎಲ್ಲೋ ಒಂದು ಕಡೆ ಆ ಮಧ್ಯಮ ಬೇಕಂತೆ. ಆಕೆಗೆ ಸ್ವರದ ಹೆಸರು ಗೊತ್ತಿಲ್ಲ. “ಅಲ್ಲಿ ಸ್ವಲ್ಪ ಮೆತ್ತಗಾಗ್ತದ” ಎಂದಷ್ಟೇ ಹೇಳಬಲ್ಲರು. ಯಮುನಾಕಲ್ಯಾಣಿಗೆ ಶುದ್ಧ ಮಧ್ಯಮ ಹೀಗೆ ಅತಿಥಿಯಾಗಿ ಬರುವುದುಂಟು. ಬಂದು, ಕೂರದೆ, ಹೊರಟುಹೋಗಬೇಕು. ಅದು ಯಾವ ಅಕ್ಷರದ ಮೇಲೆ ಬರಬೇಕೆಂಬುದನ್ನು ಹುಡುಕಲು ಅವರಿಬ್ಬರಿಗೂ ಹಲವು ಸಂಜೆಗಳು ಹಿಡಿದವು. ಅವನು ಒಂದೊಂದೇ ಕಡೆ ಬೆರಳಿಟ್ಟು ನೋಡುವುದು, ಆಕೆ ತಲೆಯಾಡಿಸುವುದು: ಇಲ್ಲಿ ಅಲ್ಲ. ಇಲ್ಲಿಯೂ ಅಲ್ಲ. ಕೊನೆಗೆ ಅದು ಸಿಕ್ಕಿದ್ದು ತಾಯಿಗೆ ಬಾಯೊಳಗೆ ಬ್ರಹ್ಮಾಂಡವನ್ನು ತೋರಿಸಿದವನ ಮಾತು ಬರುವ ಚರಣದಲ್ಲಿ; ಎರಡನೆಯ ತಂತಿಯ ಮೇಲೆ, ಪ್ರತಿ ಮಧ್ಯಮಕ್ಕಿಂತ ಒಂದೇ ಮೆಟ್ಟಿಲು ಹಿಂದೆ.